ಬಿಸಿನೀರಿನ ಪ್ರೆಷರ್ ವಾಷರ್‌ನ ಡೀಸೆಲ್ ಬರ್ನರ್: ಮೊದಲು ಯಾವುದನ್ನು ನೋಡಬೇಕು, ಕೊನೆಗೆ ಯಾವುದನ್ನು ಮುಟ್ಟಬೇಕು

"ಅಣ್ಣಾ, ಗನ್ನಲ್ಲಿ ನೀರು ಬರ್ತಿದೆ, ಬಿಸಿ ಮಾತ್ರ ಆಗ್ತಿಲ್ಲ. ಗಾಳಿ ಸ್ಕ್ರೂ ತಿರುಗಿಸಿ ನೋಡಿದೆ. ಈಗ ಹೊಗೆ ಬೇರೆ ಬರ್ತಿದೆ."

ನವೆಂಬರ್ ಬಂತೆಂದರೆ ಕೊಡಗಿನಲ್ಲಿ ನನಗೆ ಇಂಥ ಫೋನುಗಳು ಶುರುವಾಗುತ್ತವೆ. ಕಾಫಿ ಕೊಯ್ಲಿಗೆ ಮುಂಚೆ ಪಲ್ಪರ್, ಜೀಪು, ಟ್ರೇಲರ್ ಎಲ್ಲ ತೊಳೆಯಬೇಕು. ಮಳೆಗಾಲವಿಡೀ ಶೆಡ್ಡಿನ ಮೂಲೆಯಲ್ಲಿ ನಿಂತಿದ್ದ ಮೆಷಿನ್ ಹೊರಗೆ ಬರುತ್ತದೆ, ಬರ್ನರ್ ಹೊತ್ತಿಕೊಳ್ಳುವುದಿಲ್ಲ. ಗೋಣಿಕೊಪ್ಪದ ಸರ್ವೀಸ್ ಸ್ಟೇಷನ್ ಇರಲಿ, ಸಿದ್ದಾಪುರದ ಕಡೆಯ ತೋಟ ಇರಲಿ, ತಪ್ಪು ಒಂದೇ. ಕೊನೆಗೆ ಮುಟ್ಟಬೇಕಾದ್ದನ್ನು ಮೊದಲು ಮುಟ್ಟಿರುತ್ತಾರೆ. ಗಾಳಿಯ ಸ್ಕ್ರೂ, ಪಂಪಿನ ಪ್ರೆಷರ್ ಸ್ಕ್ರೂ ಎರಡೂ ಹೊರಗೇ ಕಾಣುತ್ತವೆ, ಕೈ ಸುಮ್ಮನಿರುವುದಿಲ್ಲ. ಆದರೆ ಸ್ಕ್ರೂ ತಾನಾಗಿ ತಿರುಗಲ್ಲ, ಅಲ್ವಾ? ಹೋದ ವರ್ಷ ಚೆನ್ನಾಗಿ ಉರಿದ ಬರ್ನರ್ ಈ ವರ್ಷ ಉರಿಯದಿದ್ದರೆ ಕೆಟ್ಟಿರುವುದು ಬೇರೇನೋ. ಹೆಚ್ಚಿನ ಸಲ ಅದು ಡೀಸೆಲ್.

ನಾನು ಅನುಸರಿಸುವ ಕ್ರಮ ಇದು: ನೀರು, ಕರೆಂಟು, ಡೀಸೆಲ್, ಕಿಡಿ, ನಾಜಲ್ (ಡೀಸೆಲ್ ಸಿಂಪಡಿಸುವ ಮೂತಿ), ಕಾಯಿಲ್ (ಬೆಂಕಿಗೆ ನೀರು ಕಾಯುವ ಕೊಳವೆಯ ಸುರುಳಿ), ಎಲ್ಲಕ್ಕಿಂತ ಕೊನೆಗೆ ಗಾಳಿ. ಒಂದು ಸರಿಯಿದೆ ಅಂತ ಖಾತ್ರಿಯಾಗದೆ ಮುಂದಿನದಕ್ಕೆ ಹೋಗಬೇಡಿ.

ಬೇಕಾದ ಸಾಮಾನು

ಸ್ಪ್ಯಾನರ್ ಸೆಟ್, ಚಿಕ್ಕ ಮತ್ತು ದೊಡ್ಡ ಸ್ಕ್ರೂಡ್ರೈವರ್, ಮಲ್ಟಿಮೀಟರ್, ತಂತಿ ಬ್ರಷ್, ಸಣ್ಣ ಸ್ಟೀಲ್ ಸ್ಕೇಲು, ಒಣಗಿದ ವೇಸ್ಟ್ ಬಟ್ಟೆ, ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್. ಜೊತೆಗೆ ಒಂದು ಹೊಸ ಡೀಸೆಲ್ ಫಿಲ್ಟರ್, ಹಳೆಯದರ ಮೇಲೆ ಬರೆದಿರುವ ಅಳತೆಯದೇ ಒಂದು ನಾಜಲ್. ಇನ್ನೊಂದು ಬೇಕು: ಬಿಳಿ ಗಾಜಿನ ಬಾಟಲಿ. ಇದು ಇಲ್ಲದೆ ಕೆಲಸ ಶುರು ಮಾಡಬೇಡಿ, ಯಾಕೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ.

ಏನನ್ನು ಬಿಚ್ಚುವ ಮೊದಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ವೈರು ಎಲ್ಲಿತ್ತು, ಎಲೆಕ್ಟ್ರೋಡ್ (ಕಿಡಿ ಹಾರಿಸುವ ಕಡ್ಡಿ) ಹೇಗೆ ಕೂತಿತ್ತು, ಗಾಳಿಯ ಪಟ್ಟಿ (ಸ್ಕ್ರೂ ತಿರುಗಿಸಿ ಗಾಳಿ ಹೆಚ್ಚು ಕಡಿಮೆ ಮಾಡುವ ತಗಡು) ಯಾವ ಗೆರೆಯಲ್ಲಿತ್ತು, ಎಲ್ಲದರದ್ದೂ.

ಬಿಚ್ಚುವ ಮೊದಲು ಎಚ್ಚರ

ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕಿಡಿ ಕೊಡುವ ಟ್ರಾನ್ಸ್‌ಫಾರ್ಮರ್ 10,000 ವೋಲ್ಟ್‌ನಷ್ಟು, ಕೆಲವದರಲ್ಲಿ ಅದಕ್ಕಿಂತ ಜಾಸ್ತಿ ಹೊಮ್ಮಿಸುತ್ತದೆ. ಗನ್ನಿನ ಟ್ರಿಗರ್ ಒತ್ತಿ ಒಳಗಿನ ಪ್ರೆಷರ್ ಬಿಡಿ. ಕಾಯಿಲ್ ತಣ್ಣಗಾಗಲು ಕನಿಷ್ಠ ಒಂದು ಗಂಟೆ ಕಾಯಿರಿ.

ಹೊತ್ತಿಕೊಳ್ಳದ ಬರ್ನರನ್ನು ಮತ್ತೆ ಮತ್ತೆ ಹಚ್ಚಲು ನೋಡಬೇಡಿ. ಪ್ರತಿ ಸಲವೂ ಒಂದಿಷ್ಟು ಡೀಸೆಲ್ ಒಳಗೆ ಸುರಿದು ನಿಲ್ಲುತ್ತದೆ. ಐದನೇ ಸಲಕ್ಕೋ ಆರನೇ ಸಲಕ್ಕೋ ಕಿಡಿ ಹಾರಿತೆಂದರೆ ಅಷ್ಟೂ ಒಟ್ಟಿಗೆ ಹೊತ್ತಿ 'ಡಬ್' ಅನ್ನುತ್ತದೆ. ಕೆಲಸ ಕಲಿಯುವಾಗ ನಾನು ಹೀಗೇ ಚಿಮಣಿಗೆ ಇಣುಕಿ ನೋಡುತ್ತಿದ್ದೆ. ಒಂದು ಹುಬ್ಬು ಹೋಯಿತು. ಪೂರ್ತಿ ಬೆಳೆಯುವವರೆಗೆ ಮನೆಯವರೆಲ್ಲ ಮುಖ ನೋಡಿ ನಕ್ಕರು, ಆದರೆ ಕಣ್ಣು ಉಳಿದದ್ದು ನನ್ನ ಪುಣ್ಯ. ಎರಡು ಸಲ ಹಿಡಿಯಲಿಲ್ಲ ಅಂದರೆ ನಿಲ್ಲಿಸಿ. ಬಿಚ್ಚಿ, ಒಳಗೆ ನಿಂತ ಡೀಸೆಲ್ ಒರೆಸಿ ತೆಗೆದು, ಆಮೇಲೆ ಕಾರಣ ಹುಡುಕಿ.

ಮತ್ತೊಂದು ವಿಷಯ. ಮಳೆ ಎರಚಲು ಹೊಡೆಯುತ್ತದೆ ಅಂತ ಶೆಡ್ಡಿನ ಶಟರ್ ಎಳೆದುಕೊಂಡು ಒಳಗೆ ಬರ್ನರ್ ಓಡಿಸುವವರಿದ್ದಾರೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ತಲೆ ಸುತ್ತುವಷ್ಟರಲ್ಲಿ ಕೈ ಮೀರಿರುತ್ತದೆ. ಮೆಷಿನ್ ಸೂರಿನಡಿ ಇದ್ದರೂ ಎರಡು ಕಡೆ ಗಾಳಿಗೆ ತೆರೆದಿರಲೇಬೇಕು.

ಹಂತ 1: ನೀರು ಸರಿಯಾಗಿ ಹರಿಯುತ್ತಿದೆಯಾ?

ಬರ್ನರ್ ರಿಪೇರಿಯಲ್ಲಿ ನೀರು ಯಾಕೆ ಅನ್ನಬಹುದು. ನೀರು ಹರಿಯದೆ ಬೆಂಕಿ ಹತ್ತಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಅದಕ್ಕೇ ಮೆಷಿನ್ನಿನಲ್ಲಿ ಫ್ಲೋ ಸ್ವಿಚ್ ಅಥವಾ ಪ್ರೆಷರ್ ಸ್ವಿಚ್ ಇಟ್ಟಿರುತ್ತಾರೆ. ಸಾಕಷ್ಟು ನೀರು ಹರಿಯುತ್ತಿದೆ ಅಂತ ಅದಕ್ಕೆ ಗೊತ್ತಾಗುವ ತನಕ ಡೀಸೆಲ್ ಬಿಡುವುದಿಲ್ಲ.

ನೀರು ಒಳಬರುವ ಕಡೆ ಇರುವ ಜಾಲರಿ ಬಿಚ್ಚಿ ತೊಳೆಯಿರಿ. ತೋಟದ ಕೆರೆಯಿಂದಲೋ ತೊರೆಯಿಂದಲೋ ನೀರು ಎಳೆಯುವವರ ಜಾಲರಿಯಲ್ಲಿ ಪಾಚಿ, ಕೊಳೆತ ಎಲೆ, ಕೆಂಪು ಮಣ್ಣು ಇದ್ದೇ ಇರುತ್ತದೆ. ಲ್ಯಾನ್ಸ್ (ಗನ್ನಿನ ಮುಂದಿನ ಉದ್ದ ಪೈಪ್) ತುದಿಯ ನೀರಿನ ನಾಜಲ್ ಕಟ್ಟಿಲ್ಲ ತಾನೇ ನೋಡಿ. ಫ್ಲೋ ಸ್ವಿಚ್ಚಿನೊಳಗೆ ಮೇಲೆ ಕೆಳಗೆ ಜಾರುವ ಆಯಸ್ಕಾಂತದ ಪಿಸ್ಟನ್ ಇದ್ದರೆ, ತುಕ್ಕಿನ ಪುಡಿ ಮೆತ್ತಿಕೊಂಡು ಅದು ಸಿಕ್ಕಿಕೊಳ್ಳುತ್ತದೆ. ಬಿಚ್ಚಿ, ಒರೆಸಿ, ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಜಾರಬೇಕು. ಥರ್ಮೋಸ್ಟಾಟ್ ಸೊನ್ನೆಯಲ್ಲಿದೆಯಾ ಅಂತಲೂ ನೋಡಿ. ನಗಬೇಡಿ, ಇದೊಂದಕ್ಕೇ ಗೋಣಿಕೊಪ್ಪದಿಂದ ಪೊನ್ನಂಪೇಟೆಯವರೆಗೆ ಹೋಗಿ ಬಂದದ್ದುಂಟು.

ಹಂತ 2: ಕರೆಂಟು

ಮೆಷಿನ್ ಓಡುತ್ತಿರುವಾಗಲೇ ವೋಲ್ಟೇಜ್ ಅಳೆಯಿರಿ. ನಿಂತಿರುವಾಗ 230 ತೋರಿಸಿ, ಮೋಟಾರ್ ಶುರುವಾದ ಕೂಡಲೇ 180ಕ್ಕೆ ಇಳಿದರೆ ಫ್ಯಾನ್ ನಿಧಾನವಾಗುತ್ತದೆ, ಕಿಡಿ ಸೊರಗುತ್ತದೆ. ತೋಟಗಳಲ್ಲಿ ಇದಕ್ಕೆ ಮುಖ್ಯ ಕಾರಣ ಉದ್ದದ ಎಕ್ಸ್‌ಟೆನ್ಷನ್ ವೈರು. ಕಣದ ಹತ್ತಿರದ ಮೋಟಾರ್ ಮನೆಯಿಂದ 50 ಮೀಟರ್ ತೆಳು ವೈರು ಎಳೆದರೆ ತುದಿಗೆ ಬರುವಷ್ಟರಲ್ಲಿ ವೋಲ್ಟೇಜ್ ಉಳಿದಿರುವುದಿಲ್ಲ. ವೈರು ದಪ್ಪಗಿರಲಿ. ಸುತ್ತಿದ ಸುರುಳಿಯನ್ನು ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ವೈರೇ ಬಿಸಿಯಾಗುತ್ತದೆ.

ಮೂರು ಫೇಸಿನ ಮೆಷಿನ್ ಆದರೆ, ಲೈನ್ ಕೆಲಸ ಆದಮೇಲೆ ಅಥವಾ ಪ್ಲಗ್ ಬದಲಿಸಿದ ಮೇಲೆ ಮೋಟಾರ್ ಬಾಣದ ಗುರುತಿನ ದಿಕ್ಕಿಗೇ ತಿರುಗುತ್ತಿದೆಯಾ ನೋಡಿ. ಫೇಸ್ ಅದಲು ಬದಲಾದರೆ ಉಲ್ಟಾ ತಿರುಗುತ್ತದೆ.

ಚಿಮಣಿ ಏನು ಹೇಳುತ್ತಿದೆ?

ನೀರು, ಕರೆಂಟು ಸರಿಯಿದ್ದೂ ಹೊತ್ತಿಕೊಳ್ಳದಿದ್ದರೆ ಒಂದೇ ಒಂದು ಸಲ ಟ್ರಿಗರ್ ಒತ್ತಿ, ದೂರ ನಿಂತು ಚಿಮಣಿ ನೋಡಿ. ಫ್ಯಾನ್ ತಿರುಗುತ್ತಿದೆ, ಬಿಳಿ ಹೊಗೆ ಬರುತ್ತಿದೆ, ಡೀಸೆಲ್ ವಾಸನೆ ಕಣ್ಣು ಉರಿಸುತ್ತಿದೆ ಅಂದರೆ ಡೀಸೆಲ್ ಬರುತ್ತಿದೆ, ಬೆಂಕಿ ಹತ್ತುತ್ತಿಲ್ಲ. ಹೊಗೆ, ವಾಸನೆ ಎರಡೂ ಇಲ್ಲ ಅಂದರೆ ಡೀಸೆಲ್ಲೇ ಬರುತ್ತಿಲ್ಲ. ಯಾವುದೇ ಆದರೂ ಮೂರನೇ ಹಂತ ಬಿಡುವಂತಿಲ್ಲ, ಯಾಕೆಂದರೆ ನೀರು ಬೆರೆತ ಡೀಸೆಲ್ ಎರಡೂ ರೀತಿ ಆಟವಾಡಿಸುತ್ತದೆ.

ಹಂತ 3: ಡೀಸೆಲ್

ಒಮ್ಮೆ ಸಿದ್ದಾಪುರದ ಹತ್ತಿರದ ತೋಟವೊಂದಕ್ಕೆ ಮೂರು ಸಲ ಹೋಗಿದ್ದೆ. ಮೊದಲ ಸಲ ನಾಜಲ್ ಬದಲಿಸಿದೆ. ಎರಡು ದಿನ ಉರಿದು ಕೆಟ್ಟಿತು. ಎರಡನೇ ಸಲ ಎಲೆಕ್ಟ್ರೋಡ್ ಹಾಕಿದೆ. ಮತ್ತೆ ಅದೇ ಕತೆ. ಮೂರನೇ ಸಲ ಹೋದಾಗ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಡೀಸೆಲ್ ಎಲ್ಲಿಡುತ್ತೀರಿ ಅಂತ ಕೇಳಿದೆ. ಗೋಡೆ ಬದಿಗೆ ಕೈ ತೋರಿಸಿದರು. ಸೂರಿನ ನೀರು ಬೀಳುವ ಜಾಗದಲ್ಲೇ ಕ್ಯಾನು, ಮುಚ್ಚಳ ಅರ್ಧ ತಿರುಗಿಸಿದ್ದು. ಮೆಷಿನ್ ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಹಿಡಿದು, ಗೋಡೆಯ ಮೇಲಿಟ್ಟು ಹತ್ತು ನಿಮಿಷ ಕಾದೆವು. ಮೇಲೆ ಹಳದಿ ಡೀಸೆಲ್, ಕೆಳಗೆ ಎರಡು ಬೆರಳು ನೀರು, ನಡುವೆ ಕಪ್ಪು ಲೋಳೆಯ ಪದರ. ತೋಟದ ಯಜಮಾನರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದೇನು ಡೀಸೆಲ್ಲಾ, ತಲಕಾವೇರಿ ತೀರ್ಥವಾ?" ಅಂದರು. ಹಿಂದಿನ ಎರಡು ಸಲದ ಕೂಲಿ ಕೇಳಲು ನನಗೆ ಬಾಯಿ ಬರಲಿಲ್ಲ.

ಡೀಸೆಲ್ ನೀರಿಗಿಂತ ಹಗುರ, ಹಾಗಾಗಿ ನೀರು ತಳದಲ್ಲಿ ಕೂರುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಮಳೆಗಾಲದ ತೇವದ ಗಾಳಿ ರಾತ್ರಿ ತಣ್ಣಗಾಗಿ ಗೋಡೆಗೆ ಬೆವರುತ್ತದೆ, ಆ ನೀರೂ ಕೆಳಗಿಳಿಯುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆ ಲೋಳೆಯಾಗುತ್ತದೆ. ಫಿಲ್ಟರ್ ಕಟ್ಟುವುದು ಅದರಿಂದಲೇ.

ಈಗ ಕೆಲಸ. ಟ್ಯಾಂಕಿನ ತಳದ ಪ್ಲಗ್ ಬಿಚ್ಚಿ ಬಾಟಲಿಗೆ ಹಿಡಿದು ನೋಡಿ. ಪ್ಲಗ್ ಇಲ್ಲದಿದ್ದರೆ ಟ್ಯೂಬ್ ತಳದವರೆಗೆ ಇಳಿಸಿ ಕೈಪಂಪಿನಿಂದ ಎಳೆಯಿರಿ. ಬಾಯಿಯಲ್ಲಿ ಎಳೆಯಲೇಬೇಡಿ. ನೀರು ಕಂಡರೆ ಇಡೀ ಟ್ಯಾಂಕ್ ಖಾಲಿ ಮಾಡಿ. ತಳದ ಲೋಳೆಯನ್ನು ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊಸ ಡೀಸೆಲ್ ಹಾಕಿ ಅಲುಗಿಸಿ ಚೆಲ್ಲಿ. ಚೆಲ್ಲುವುದು ಅಂದರೆ ಡಬ್ಬಕ್ಕೆ, ತೊರೆಗಲ್ಲ. ಇಲ್ಲಿ ಕೆಳಗೆ ಹರಿಯುವ ನೀರು ಯಾರದೋ ಬಾವಿಗೆ ಸೇರುತ್ತದೆ.

ಫಿಲ್ಟರನ್ನು ತೊಳೆದು ಮತ್ತೆ ಹಾಕಬೇಡಿ, ಹೊಸದನ್ನೇ ಹಾಕಿ. ಡೀಸೆಲ್ ಪಂಪಿನ ಮುಚ್ಚಳದೊಳಗೆ ಇನ್ನೊಂದು ಚಿಕ್ಕ ಜಾಲರಿ ಇರುತ್ತದೆ. ಹತ್ತರಲ್ಲಿ ಒಂಬತ್ತು ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಅದನ್ನು ಡೀಸೆಲ್ಲಿನಲ್ಲಿ ತೊಳೆಯಬಹುದು, ಆದರೆ ಗ್ಯಾಸ್ಕೆಟ್ ಹೊಸದಿರಲಿ.

ಫಿಲ್ಟರ್ ಬದಲಿಸಿದ ಮೇಲೆ ಲೈನಿನಲ್ಲಿ ಗಾಳಿ ಇರುತ್ತದೆ. ಪಂಪಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ಪೈಪ್ ಇದ್ದರೆ ಗಾಳಿ ತಾನೇ ಹೊರಡುತ್ತದೆ. ಒಂದೇ ಪೈಪ್ ಇದ್ದರೆ ಬ್ಲೀಡ್ ಸ್ಕ್ರೂಗೆ ಟ್ಯೂಬ್ ಸಿಕ್ಕಿಸಿ, ಬಾಟಲಿಗೆ ಬಿಟ್ಟು, ಗುಳ್ಳೆ ನಿಲ್ಲುವವರೆಗೆ ಓಡಿಸಿ ಬಿಗಿ ಮಾಡಿ. ಟ್ಯಾಂಕ್ ಖಾಲಿ ಇಟ್ಟುಕೊಂಡು ಮೆಷಿನ್ ಓಡಿಸಬೇಡಿ. ಡೀಸೆಲ್ ಪಂಪಿಗೆ ಡೀಸೆಲ್ಲೇ ಎಣ್ಣೆ. ಒಣಗಿ ತಿರುಗಿದರೆ ಗೇರು ತಿನ್ನುತ್ತದೆ.

ಇಷ್ಟಾದರೂ ಡೀಸೆಲ್ ಬರದಿದ್ದರೆ ಸೊಲೆನಾಯ್ಡ್ (ಕರೆಂಟು ಬಂದಾಗ ತೆರೆದು ಡೀಸೆಲ್ ಬಿಡುವ ವಾಲ್ವ್) ನೋಡಿ. ಟ್ರಿಗರ್ ಒತ್ತಿದಾಗ 'ಟಕ್' ಅನ್ನಬೇಕು. ಪಂಪಿನ ಸದ್ದಿನಲ್ಲಿ ಕೇಳಿಸದಿದ್ದರೆ ಅದರ ತಲೆಯ ನಟ್ಟಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿ. ಕರೆಂಟು ಬರುತ್ತಿದ್ದರೆ ಸಣ್ಣಗೆ ಎಳೆಯುತ್ತದೆ. ವೈರು ಕೂಡಿಸಿರುವ ಕಡೆ ಮಾತ್ರ ತುದಿ ತಾಗದಂತೆ ನೋಡಿಕೊಳ್ಳಿ.

ಪೆಟ್ರೋಲ್, ಥಿನ್ನರ್, ಗಾಡಿಯಿಂದ ಇಳಿಸಿದ ಎಂಜಿನ್ ಆಯಿಲ್ ಯಾವುದನ್ನೂ ಬೆರೆಸಬೇಡಿ. "ಬೇಗ ಹೊತ್ತಲಿ ಅಂತ ಒಂಚೂರು ಪೆಟ್ರೋಲ್" ಅಂದವರ ಮೆಷಿನ್ ನಾನು ಮುಟ್ಟುವುದಿಲ್ಲ.

ಹಂತ 4: ಕಿಡಿ

ಪ್ಲಗ್ ಕಿತ್ತು ಬರ್ನರ್ ತಲೆ ಹೊರತೆಗೆಯಿರಿ. ಎರಡು ಎಲೆಕ್ಟ್ರೋಡ್‌ಗಳ ತುದಿಯಲ್ಲಿ ಮಸಿ ಕಟ್ಟಿದ್ದರೆ ಒರೆಸಿ. ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬದಲಿಸಿ. ತೇವದ ದಿನಗಳಲ್ಲಿ ಕಿಡಿ ತುದಿಗೆ ಬರದೆ ಆ ಬಿರುಕಿನಲ್ಲೇ ಹರಿದುಹೋಗುತ್ತದೆ. ಬೆಳಗ್ಗೆ ಹೊತ್ತಲ್ಲ, ಮಧ್ಯಾಹ್ನ ಬಿಸಿಲು ಬಂದಮೇಲೆ ಹೊತ್ತುತ್ತೆ ಅನ್ನುವವರ ಕಾಯಿಲೆ ಹೆಚ್ಚಾಗಿ ಇದೇ.

ಎರಡು ತುದಿಗಳ ನಡುವೆ ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್ ಅಂತರ. ತುದಿಗಳು ನಾಜಲಿಗಿಂತ ಸ್ವಲ್ಪ ಮುಂದೆ, ಸ್ವಲ್ಪ ಮೇಲೆ ಇರುತ್ತವೆ. ಎಷ್ಟು ಅನ್ನುವುದು ಮೆಷಿನ್ನಿನಿಂದ ಮೆಷಿನ್ನಿಗೆ ಬೇರೆ, ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ತುದಿ ಡೀಸೆಲ್ ಸಿಂಪರಣೆಯೊಳಗೆ ಮುಳುಗಿದರೆ ಮಸಿ ಬೆಳೆದು ಎರಡನ್ನೂ ಸೇರಿಸಿಬಿಡುತ್ತದೆ. ತೀರಾ ಹಿಂದಿದ್ದರೆ ಬೆಂಕಿ ತಡವಾಗಿ ಹತ್ತಿ ಅದೇ 'ಡಬ್' ಕೇಳಿಸುತ್ತದೆ.

ಕಿಡಿ ಇದೆಯಾ ಅಂತ ಕೈಯಲ್ಲಿ ವೈರು ಹಿಡಿದು ನೋಡಬೇಡಿ, ಸ್ಕ್ರೂಡ್ರೈವರ್ ತೋರಿಸಲೂಬೇಡಿ. ಎಲ್ಲ ಮೊದಲಿನಂತೆ ಜೋಡಿಸಿ, ಸೊಲೆನಾಯ್ಡ್ ವೈರು ಮಾತ್ರ ಬಿಚ್ಚಿಟ್ಟು, ತುದಿಗೆ ಟೇಪ್ ಸುತ್ತಿ, ಮೆಷಿನ್ ಶುರು ಮಾಡಿ ಕಿವಿಗೊಡಿ. ಡೀಸೆಲ್ ಬರದ ಕಾರಣ ಭಯವಿಲ್ಲ, 'ಚಿರ್ರ್' ಅನ್ನುವ ಸದ್ದು ಕೇಳಿಸಿದರೆ ಕಿಡಿ ಇದೆ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ತೋರಿಸಲು ಬಲ್ಲ ಎಲೆಕ್ಟ್ರಿಷಿಯನ್ ಕರೆಯಿರಿ.

ಹೊತ್ತಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರಿಹೋಗುವ ಮೆಷಿನ್ನಿನಲ್ಲಿ ಬೆಂಕಿ ನೋಡುವ ಕಣ್ಣು ಇದೆಯಾ ಹುಡುಕಿ. ಗುಂಡಿಯಷ್ಟಗಲದ ಗಾಜು. ಅದರ ಮೇಲೆ ಮಸಿ ಕೂತರೆ ಬೆಂಕಿ ಉರಿಯುತ್ತಿದ್ದರೂ ಇಲ್ಲ ಅಂದುಕೊಂಡು ಡೀಸೆಲ್ ಕಟ್ ಮಾಡುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಹಂತ 5: ನಾಜಲ್

ನಾಜಲಿನ ತೂತಿಗೆ ಸೂಜಿ, ತಂತಿ, ಪಿನ್ನು ಹಾಕಬೇಡಿ. ಕಣ್ಣಿಗೆ ಕಾಣದ ಗೀರು ಬಿದ್ದರೂ ಡೀಸೆಲ್ ಒಂದು ಪಕ್ಕಕ್ಕೆ ಚಿಮ್ಮಿ, ಕಾಯಿಲಿನ ಆ ಪಕ್ಕ ಮಾತ್ರ ಮಸಿ ಹಿಡಿಯುತ್ತದೆ. ನಾಜಲ್ ತೊಳೆದು ಉಳಿಸುವ ಸಾಮಾನಲ್ಲ, ವರ್ಷಕ್ಕೊಮ್ಮೆ ಬದಲಿಸುವ ಸಾಮಾನು. ಹಿಂದಿನ ಹಿಡಿಕೆಯನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು, ಇನ್ನೊಂದರಲ್ಲಿ ನಾಜಲ್ ತಿರುಗಿಸಿ. ಹೊಸದರ ಮೂತಿಯನ್ನು ಬೆರಳಲ್ಲಿ ಮುಟ್ಟಬೇಡಿ.

ಅದರ ಮೇಲೆ 1.25 ಮತ್ತು 60 ಡಿಗ್ರಿ ಅಂತ ಇದ್ದರೆ, ಮೊದಲನೆಯದು 100 ಪಿಎಸ್‌ಐ ಒತ್ತಡದಲ್ಲಿ ಗಂಟೆಗೆ ಎಷ್ಟು ಅಮೆರಿಕನ್ ಗ್ಯಾಲನ್ ಅನ್ನುವ ಲೆಕ್ಕ. ಒಂದು ಗ್ಯಾಲನ್ ಅಂದರೆ 3.785 ಲೀಟರ್, ಹಾಗಾಗಿ ಸುಮಾರು 4.7 ಲೀಟರ್. ನಿಮ್ಮ ಪಂಪ್ 145 ಪಿಎಸ್‌ಐ, ಅಂದರೆ 10 ಬಾರ್ ಕೊಡುತ್ತಿದ್ದರೆ ಅದೇ ನಾಜಲ್ ಗಂಟೆಗೆ ಸುಮಾರು 5.7 ಲೀಟರ್ ಸುಡುತ್ತದೆ. ಎರಡನೆಯದು ಸಿಂಪರಣೆಯ ಕೋನ. ಎರಡೂ ಹಳೆಯದರಂತೆಯೇ ಇರಲಿ. ಅಂಗಡಿಯವರು "ಇದೂ ನಡೆಯುತ್ತೆ" ಅಂದರೆ ತಗೊಳ್ಳಬೇಡಿ. ಪ್ರೆಷರ್ ಸ್ಕ್ರೂ ಕೂಡ ಗೇಜ್ ಹಾಕದೆ ಮುಟ್ಟುವಂತಿಲ್ಲ.

ಹಂತ 6: ಕಾಯಿಲಿನ ಮಸಿ

ಮೇಲಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ತೆಳುವಾಗಿ ಬೂದಿ ಬಣ್ಣ ಇದ್ದರೆ ಚಿಂತೆಯಿಲ್ಲ. ಬೆರಳು ಅದ್ದುವಷ್ಟು ಕಪ್ಪು ಮಸಿ ಇದ್ದರೆ ಬೆಂಕಿಯ ಬಿಸಿ ನೀರಿಗೆ ತಲುಪದೆ ಚಿಮಣಿಯಲ್ಲಿ ಹೋಗುತ್ತಿದೆ, ಅಂದರೆ ನಿಮ್ಮ ದುಡ್ಡು ಗಾಳಿಗೆ ಹೋಗುತ್ತಿದೆ. ಒಣ ಬ್ರಷ್ಷಿನಲ್ಲಿ ಉಜ್ಜಿ, ವ್ಯಾಕ್ಯೂಮಿನಲ್ಲಿ ಎಳೆಯಿರಿ. ಮಾಸ್ಕ್ ಹಾಕಿಕೊಳ್ಳಿ. ನೀರು ಹಾಕಬೇಡಿ. ಡೀಸೆಲ್ಲಿನ ಗಂಧಕ ಮಸಿಯಲ್ಲಿ ಉಳಿದಿರುತ್ತದೆ, ನೀರು ಸೇರಿದರೆ ಆಮ್ಲವಾಗಿ ಕಬ್ಬಿಣ ತಿನ್ನುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿದೆ ನಿಜ, ಆದರೆ ಹಳೆಯ ಮೆಷಿನ್ನಿನಲ್ಲಿ ಹಳೆಯ ಮಸಿ ಇದ್ದೇ ಇದೆ.

ಕಾಯಿಲಿನ ಒಳಗೆ ಸುಣ್ಣ ಕಟ್ಟುವುದು ಬೇರೆ ಸಮಸ್ಯೆ. ನೀವು ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತಿದ್ದರೆ ಕಾಯಿಲಿನಲ್ಲೂ ಕೂರುತ್ತದೆ ಅಂತ ತಿಳಿಯಿರಿ.

ಹಂತ 7: ಕೊನೆಗೆ ಗಾಳಿ

ಮೊದಲು ಫ್ಯಾನಿಗೆ ಗಾಳಿ ಹೋಗುವ ಬಾಯಿ ನೋಡಿ. ಒಂದು ಮೆಷಿನ್ನಿನಲ್ಲಿ ಬೆರಳು ಹಾಕಿದರೆ ಗಟ್ಟಿ ಮಣ್ಣು ಸಿಕ್ಕಿತು. ಕುಂಬಾರ ಹುಳ ಸಾಲಾಗಿ ನಾಲ್ಕು ಕೋಣೆ ಕಟ್ಟಿ, ಅರ್ಧ ಬಾಯಿ ಮುಚ್ಚಿತ್ತು. ಯಜಮಾನರು ಅದಕ್ಕೆ ಮೊದಲೇ ಗಾಳಿ ಸ್ಕ್ರೂ ಪೂರ್ತಿ ತೆರೆದು, ಹೊಗೆ ಯಾಕೆ ನಿಲ್ಲಲಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದರು. ಫ್ಯಾನಿನ ರೆಕ್ಕೆಗಳ ಮೇಲಿನ ಎಣ್ಣೆಜಿಡ್ಡಿನ ಧೂಳನ್ನೂ ಕೆರೆದು ತೆಗೆಯಿರಿ.

ಇನ್ನು ನಮ್ಮ ಊರಿನದೇ ಒಂದು ವಿಷಯ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗಿಂತ ಇಲ್ಲಿ ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ಅಲ್ಲಿ ಸರಿಯಾಗಿ ಹೊಂದಿಸಿದ ಬರ್ನರ್ ಘಾಟಿ ಹತ್ತಿ ಬಂದರೆ, ಡೀಸೆಲ್ ಅಷ್ಟೇ ಸುರಿಯುತ್ತದೆ, ಗಾಳಿ ಕಡಿಮೆಯಾಗುತ್ತದೆ, ಕಪ್ಪು ಹೊಗೆ ಬರುತ್ತದೆ. ಕೆಳಗಿನಿಂದ ಹಳೆಯ ಮೆಷಿನ್ ಕೊಂಡು ತಂದವರು ಗಾಳಿಯ ಪಟ್ಟಿಯನ್ನು ಸ್ವಲ್ಪ ಹೆಚ್ಚು ತೆರೆಯಲೇಬೇಕು.

ಹೊಂದಿಸುವುದು ಹೀಗೆ. ಹಳೆಯ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಐದು ನಿಮಿಷ ಓಡಿ ಬಿಸಿಯಾದ ಮೇಲೆ ಮಾತ್ರ ಮುಟ್ಟಿ. ಚಿಮಣಿಯ ತುದಿಯಲ್ಲಿ ತೆಳು ಕಪ್ಪು ಕಾಣುವವರೆಗೆ ನಿಧಾನವಾಗಿ ಮುಚ್ಚಿ, ಅಲ್ಲಿಂದ ಅದು ಮಾಯವಾಗುವವರೆಗೆ ತೆರೆದು, ಇನ್ನೊಂಚೂರು ತೆರೆದು ಬಿಗಿ ಮಾಡಿ. ಒಂದು ಸಲಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಒಂದು ನಿಮಿಷ ಕಾಯಿರಿ. ಜಾಸ್ತಿ ತೆರೆದರೆ ಬೆಂಕಿ ತಣ್ಣಗಾಗಿ ಬಿಳಿ ಹೊಗೆ ಬರುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ.

ಈ ಕೆಲಸವನ್ನು ಬೆಳಗ್ಗೆ ಮಂಜಿನಲ್ಲಿ ಮಾಡಬೇಡಿ. ಹೊಗೆ ಯಾವುದು, ಆವಿ ಯಾವುದು, ಮಂಜು ಯಾವುದು ಗೊತ್ತಾಗುವುದಿಲ್ಲ. ಬಿಸಿಲು ಬಂದಮೇಲೆ, ಹಿಂದೆ ಮರಗಳ ಕಪ್ಪು ಇರುವ ಕಡೆ ನಿಂತು ನೋಡಿ. ಕಣ್ಣು ಉರಿಸದ, ತಕ್ಷಣ ಕರಗುವ ಬಿಳಿ ಬರೀ ಆವಿ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಆಫ್ ಮಾಡಿದ ಮೇಲೂ ಚಿಮಣಿಯಲ್ಲಿ ಹೊಗೆ ಏಳುತ್ತಿದ್ದರೆ ಸೊಲೆನಾಯ್ಡ್ ಸೋರುತ್ತಿದೆ. ಹಚ್ಚಿದಾಗಲೆಲ್ಲ ಸಣ್ಣ 'ಡಬ್' ಕೇಳಿದರೆ ಅಭ್ಯಾಸವಾಗಿದೆ ಅಂತ ಸುಮ್ನೆ ಬಿಡಬೇಡಿ, ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. ಬರ್ನರ್ ಕೆಳಗೆ ನೀರು ತೊಟ್ಟಿಕ್ಕಿದರೆ ಕಾಯಿಲ್ ತೂತಾಗಿರಬಹುದು. ಗನ್ನಿನಿಂದ ನೀರಿನ ಜೊತೆ ಬುಸುಬುಸು ಆವಿ ಬಂದು ನೀರು ಕಡಿಮೆಯಾದರೆ ಮೊದಲು ಬರ್ನರ್ ಆಫ್ ಮಾಡಿ, ಟ್ರಿಗರ್ ಬಿಡಬೇಡಿ, ತಣ್ಣೀರು ಹರಿಯುತ್ತಿರಲಿ.

ದಿನದ ಕೆಲಸ ಮುಗಿಸುವಾಗ, ಮತ್ತು ಜೂನ್‌ಗೆ ಮುಂಚೆ

ಬಿಸಿ ಇರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ ಊಟಕ್ಕೆ ಹೋಗುವುದು ಕಾಯಿಲನ್ನು ಕೊಲ್ಲುವ ಅಭ್ಯಾಸ. ಬರ್ನರ್ ಮಾತ್ರ ಆಫ್ ಮಾಡಿ, ಮೂರು ನಿಮಿಷ ತಣ್ಣೀರು ಬಿಡಿ. ಗನ್ನಿನ ನೀರು ಕೈಗೆ ತಣ್ಣಗೆ ಅನ್ನಿಸುವ ಹೊತ್ತಿಗೆ ಕಾಯಿಲೂ ತಣಿದಿರುತ್ತದೆ. ಹಾಗಂತ ಚಿಮ್ಮುವ ಧಾರೆಗೆ ಕೈ ಒಡ್ಡಬೇಡಿ, ಲ್ಯಾನ್ಸಿನ ಪೈಪ್ ಮುಟ್ಟಿ ನೋಡಿ.

ಮಳೆ ಹಿಡಿಯುವ ಮುಂಚೆ ಟ್ಯಾಂಕಿಗೆ ಶುದ್ಧ ಡೀಸೆಲ್ ಕತ್ತಿನವರೆಗೆ ತುಂಬಿ, ಬೆವರಲು ಜಾಗ ಇರಬಾರದು. ಡ್ರಮ್ಮನ್ನು ಮಳೆಯಲ್ಲಿ ನೆಟ್ಟಗೆ ನಿಲ್ಲಿಸಬೇಡಿ. ತಲೆಯ ಮೇಲೆ ನಿಂತ ನೀರನ್ನು, ರಾತ್ರಿ ತಣ್ಣಗಾಗುವಾಗ ಡ್ರಮ್ಮು ಬೂಚಿನ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ತಿಂಗಳಿಗೆ ಎರಡು ಸಲ ಮೆಷಿನ್ ಹೊರತಂದು ಹತ್ತು ನಿಮಿಷ ಬರ್ನರ್ ಉರಿಸಿ. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಇದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ ಅಂತ ನನಗೂ ಗೊತ್ತು, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿಡುವ ದಿನವಾದರೂ ಒಮ್ಮೆ ಹಚ್ಚಿ.

ಚಿಮಣಿಗೆ ಒಂದು ಹಳೆಯ ತಗಡಿನ ಡಬ್ಬ ಮಗುಚಿ ಹಾಕಿ. ಇಲಿ, ಹುಳ, ಮಳೆ ಯಾವುದೂ ಒಳಗೆ ಹೋಗುವುದಿಲ್ಲ. ಹಾಕಿದ ಕೂಡಲೇ ಸ್ವಿಚ್ಚಿನ ಮೇಲೆ ಅಡ್ಡಕ್ಕೆ ಕೆಂಪು ಟೇಪ್ ಅಂಟಿಸಿ, 'ಡಬ್ಬ ತೆಗೆ' ಅಂತ ಬರೆಯಿರಿ. ನವೆಂಬರಿನಲ್ಲಿ ಅದನ್ನು ಹಚ್ಚುವುದು ನೀವೇ ಅಂತ ಏನು ಗ್ಯಾರಂಟಿ?